ಇಬ್ಬರೇ ಧರ್ಮಸ್ಥಳಕ್ಕೆ ನಡೆಯುವುದಾದರೆ: ದಾರಿ, ತಂಗುವ ಊರು, ದಿನಗಳ ಲೆಕ್ಕ

ಶಿವರಾತ್ರಿಗೆ ಮುಂಚೆ ಬೆಂಗಳೂರಿನಿಂದ ಧರ್ಮಸ್ಥಳಕ್ಕೆ ನಡೆದು ಹೋಗುವವರಲ್ಲಿ ಬಹುಪಾಲು ತಂಡ ಕಟ್ಟಿಕೊಂಡು ಹೋಗುತ್ತಾರೆ. ಹಿಂದೆ ಒಂದು ಟೆಂಪೊ, ಅದರಲ್ಲಿ ಹಾಸಿಗೆ, ಅಕ್ಕಿ ಬೇಳೆ, ಸಿಲಿಂಡರ್, ಅಡುಗೆಯವರು. ಸಂಜೆ ತಲುಪುವ ಊರಿನಲ್ಲಿ ಶಾಲೆಯನ್ನೋ ಕಲ್ಯಾಣ ಮಂಟಪವನ್ನೋ ಯಾರೋ ಮೊದಲೇ ಹೋಗಿ ಗೊತ್ತು ಮಾಡಿರುತ್ತಾರೆ. ಕಾಲು ಕೈಕೊಟ್ಟವರು ಅದೇ ಟೆಂಪೊ ಹತ್ತಿ ಮುಂದಿನ ಊರಿನಲ್ಲಿ ಸೇರಿಕೊಳ್ಳುತ್ತಾರೆ. ದಿನಕ್ಕೆ 40 ಕಿ.ಮೀ. ಲೆಕ್ಕದಲ್ಲಿ ಏಳೆಂಟು ದಿನಕ್ಕೆ ಮುಗಿಸುವುದು ಇವರಿಗೆ ಸಾಧ್ಯವಾಗುವುದು ಈ ಟೆಂಪೊದಿಂದ.

ಗಂಡ ಹೆಂಡತಿ ಇಬ್ಬರೇ ಹೊರಟರೆ ಇದ್ಯಾವುದೂ ಇಲ್ಲ. ಗಂಟು ನಿಮ್ಮ ಬೆನ್ನ ಮೇಲೆ. ಆದ್ದರಿಂದ ತಂಡದವರ ವೇಳಾಪಟ್ಟಿಯನ್ನು ತೆಗೆದುಕೊಂಡು ಅದರಲ್ಲೇ ಇಬ್ಬರೂ ನಡೆಯುತ್ತೇವೆ ಅಂದುಕೊಂಡರೆ ಮೂರನೆಯ ದಿನಕ್ಕೆ ಒಬ್ಬರ ಪಾದ ಒಡೆದಿರುತ್ತದೆ, ಇನ್ನೊಬ್ಬರ ಸಹನೆ. ಇಬ್ಬರ ಯಾತ್ರೆಯ ದಾರಿಯನ್ನು ನಿರ್ಧರಿಸುವುದು ಎರಡೇ ಸಂಗತಿ: ರಾತ್ರಿ ಎಲ್ಲಿ ಮಲಗುತ್ತೀರಿ, ಮತ್ತು ಇಬ್ಬರಲ್ಲಿ ನಿಧಾನವಾಗಿ ನಡೆಯುವವರು ದಣಿದ ಮೇಲೂ ಎಷ್ಟು ನಡೆಯಬಲ್ಲರು. ನಕ್ಷೆ ತೆರೆಯುವ ಮೊದಲು ಇವೆರಡು ಗೊತ್ತಿರಬೇಕು.

ಲೆಕ್ಕವನ್ನು ಹಿಂದಿನಿಂದ ಹಾಕಬೇಕು. ಶಿವರಾತ್ರಿ ಮಾಘ ಬಹುಳ ಚತುರ್ದಶಿ. 2024ರಲ್ಲಿ ಮಾರ್ಚ್ 8, 2025ರಲ್ಲಿ ಫೆಬ್ರವರಿ 26, 2026ರಲ್ಲಿ ಫೆಬ್ರವರಿ 15ಕ್ಕೆ ಬಂತು. ಮೂರು ವಾರದಷ್ಟು ಹಿಂದೆ ಮುಂದೆ ಆಗುವುದರಿಂದ ಬಿಸಿಲೂ ಬದಲಾಗುತ್ತದೆ: ಫೆಬ್ರವರಿ ಮೊದಲ ವಾರ ಹೊರಟವರಿಗೂ ಕೊನೆಯ ವಾರ ಹೊರಟವರಿಗೂ ಕುಣಿಗಲ್ ಚನ್ನರಾಯಪಟ್ಟಣಗಳ ನಡುವಿನ ಬಯಲಿನಲ್ಲಿ ಸಿಗುವ ಮಧ್ಯಾಹ್ನವೇ ಬೇರೆ. ಹಬ್ಬದ ದಿನವೇ ತಲುಪುವ ಹಾಗೆ ಹಾಕಿಕೊಳ್ಳಬೇಡಿ. ಹಿಂದಿನ ದಿನ, ತ್ರಯೋದಶಿಗೆ, ಕ್ಷೇತ್ರ ಸೇರಿರಬೇಕು. ಆ ಒಂದು ದಿನ ನಿಮ್ಮ ಉಳಿತಾಯ; ದಾರಿಯಲ್ಲಿ ಜ್ವರ ಬಂದರೆ, ಮಂಡಿ ಹಿಡಿದರೆ ಖರ್ಚಿಗೆ ಇರುತ್ತದೆ.

ಮುಂದೆ ಹೇಳುವ ಹದಿನಾಲ್ಕು ದಿನದ ನಡಿಗೆಯನ್ನು ತ್ರಯೋದಶಿಯಿಂದ ಹಿಂದಕ್ಕೆ ಎಣಿಸಿದರೆ ಹೊರಡುವ ದಿನ ಭಾರತ ಹುಣ್ಣಿಮೆಗೆ ಬಂದು ನಿಲ್ಲುತ್ತದೆ. ತಿಥಿ ಒಂದು ದಿನ ಆಚೀಚೆ ಆಗುವ ವರ್ಷಗಳೂ ಇವೆ, ಪಂಚಾಂಗ ನೋಡಿಕೊಳ್ಳಿ. ಹುಣ್ಣಿಮೆಗೆ ಹೊರಡುವುದರಲ್ಲಿ ಒಂದು ಅನುಕೂಲವಿದೆ. ಮೊದಲ ಐದಾರು ದಿನ ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ನಡೆಯುವಾಗ ಚಂದ್ರ ಇನ್ನೂ ಪಡುವಣದಲ್ಲಿ ಇರುತ್ತಾನೆ, ನೀವೂ ಪಡುವಣಕ್ಕೇ ನಡೆಯುತ್ತಿರುತ್ತೀರಿ. ದಾರಿ ಕಾಣಿಸುತ್ತದೆ. ಬೇಲೂರು ದಾಟುವ ಹೊತ್ತಿಗೆ ದಶಮಿ. ಚಂದ್ರ ಜಾವಕ್ಕೆ ಹುಟ್ಟುವ ತೆಳು ಗೆರೆ, ಆ ಬೆಳಕನ್ನು ನಂಬುವ ಹಾಗಿಲ್ಲ. ಅಲ್ಲಿಂದ ಮುಂದೆ ಕತ್ತಲಲ್ಲಿ ನಡೆಯಲೂಬಾರದು, ಕಾರಣ ಆನೆ. ಅದನ್ನು ಆಮೇಲೆ ಹೇಳುತ್ತೇನೆ.

ದಾರಿಯ ದೊಡ್ಡ ಆಯ್ಕೆ ಇರುವುದು ಹಾಸನದಲ್ಲಿ. ಸಕಲೇಶಪುರ, ಮಾರನಹಳ್ಳಿ, ಶಿರಾಡಿ ಘಾಟಿ, ಗುಂಡ್ಯ, ಪೆರಿಯಶಾಂತಿ, ಕೊಕ್ಕಡದ ಮೇಲೆ ಹೋಗುವುದು ಒಂದು. ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ, ಚಾರ್ಮಾಡಿ ಘಾಟಿ, ಉಜಿರೆಯ ಮೇಲೆ ಹೋಗುವುದು ಇನ್ನೊಂದು. ಶಿರಾಡಿ ದಾರಿ ಹದಿನೈದು ಇಪ್ಪತ್ತು ಕಿ.ಮೀ. ಕಡಿಮೆ, ಕೊಕ್ಕಡದ ಬಳಿ ಗುಡಿಯಿಲ್ಲದೆ ಬಯಲಲ್ಲೇ ಕೂತ ಸೌತಡ್ಕದ ಗಣಪತಿಯನ್ನೂ ನೋಡಿಕೊಂಡು ಹೋಗಬಹುದು. ಆದರೆ ಅದು ಮಂಗಳೂರಿನ ಬಂದರಿಗೆ ಹೋಗಿಬರುವ ಟ್ಯಾಂಕರ್, ಕಂಟೇನರ್‌ಗಳ ಹೆದ್ದಾರಿ. ಘಾಟಿಯ ತಿರುವುಗಳಲ್ಲಿ ಎರಡು ಲಾರಿ ಎದುರುಬದುರಾದರೆ ನಡೆಯುವವರಿಗೆ ಉಳಿಯುವುದು ಚರಂಡಿ. ನೂರು ಜನರ ತಂಡ ಬಂದರೆ ಲಾರಿಯವರಿಗೆ ದೂರದಿಂದಲೇ ಕಾಣುತ್ತದೆ, ಇಬ್ಬರು ಕಾಣುವುದಿಲ್ಲ. ಚಾರ್ಮಾಡಿಯಲ್ಲಿ ಭಾರೀ ವಾಹನಗಳಿಗೆ ನಿರ್ಬಂಧವಿದೆ, ಶಿವರಾತ್ರಿ ವಾರದಲ್ಲಿ ಸಾವಿರಾರು ಪಾದಯಾತ್ರಿಗಳು ಅದೇ ದಾರಿಯಲ್ಲಿ ಇಳಿಯುತ್ತಾರೆ, ಅಲ್ಲಲ್ಲಿ ನೀರು ಮಜ್ಜಿಗೆಯ ಪೆಂಡಾಲು ಹಾಕಿರುತ್ತಾರೆ. ಇಬ್ಬರೇ ಹೋಗುವವರಿಗೆ ಚಾರ್ಮಾಡಿಯೇ ಸರಿ. ಒಂದು ದಿನ ಹೆಚ್ಚು ಹಿಡಿದರೂ ಸರಿ.

ಬೆಂಗಳೂರಿನಿಂದ ಹೊರಬೀಳುವುದಕ್ಕೂ ಎರಡು ದಾರಿ ಇವೆ. ಊರಿನ ಉತ್ತರ ಭಾಗದವರು ಗೊರಗುಂಟೆಪಾಳ್ಯದಿಂದ ಮೇಲ್ಸೇತುವೆಯ ಕೆಳಗಿನ ರಸ್ತೆ ಹಿಡಿದು ನೆಲಮಂಗಲ, ಸೋಲೂರು, ಕುಣಿಗಲ್. ವಿಜಯನಗರ, ಕೆಂಗೇರಿ, ಬನಶಂಕರಿ ಕಡೆಯವರು ಮಾಗಡಿ ರಸ್ತೆ ಹಿಡಿದು ತಾವರೆಕೆರೆ, ಮಾಗಡಿ, ಕುಣಿಗಲ್. ಎರಡೂ ಹೆಚ್ಚು ಕಡಿಮೆ 70 ಕಿ.ಮೀ., ಎರಡೂ ಮೂರು ದಿನದ ನಡಿಗೆ. ಮಾಗಡಿ ದಾರಿ ಏರಿಳಿತದ್ದು, ಆದರೆ ಲಾರಿ ಕಡಿಮೆ, ನೆರಳು ಹೆಚ್ಚು. ಮನೆ ಯಾವ ಕಡೆಯೋ ಅದನ್ನು ಹಿಡಿಯಿರಿ. ಮನೆ ಬಾಗಿಲಿನಿಂದಲೇ ನಡೆಯಲು ಶುರು ಮಾಡುವುದಕ್ಕೆ ಒಂದು ಅರ್ಥವಿದೆ. ಬಸ್ಸಿನಲ್ಲಿ ನೆಲಮಂಗಲಕ್ಕೆ ಹೋಗಿ ಅಲ್ಲಿಂದ ನಡೆದರೆ ಹರಕೆಗೆ ಭಂಗವೇನೂ ಇಲ್ಲ, ಆದರೆ ಮೊದಲ ದಿನದ 20 ಕಿ.ಮೀ. ಮನೆಯ ಹತ್ತಿರವೇ ಇರುವುದರಿಂದ, ಚಪ್ಪಲಿಯೋ ಚೀಲವೋ ಸರಿಯಿಲ್ಲ ಎಂದು ಗೊತ್ತಾದರೆ ಆ ಸಂಜೆಯೇ ಬದಲಾಯಿಸಿಕೊಳ್ಳಬಹುದು.

ಇನ್ನು ಊರಿನಿಂದ ಊರಿಗೆ. ಇಲ್ಲಿ ಕೊಡುವ ದೂರಗಳು ಅಂದಾಜಿನವು, ಒಂದೆರಡು ಕಿ.ಮೀ. ಆಚೀಚೆ ಇರುತ್ತವೆ. ಗೊರಗುಂಟೆಪಾಳ್ಯದಿಂದ ನೆಲಮಂಗಲ 20. ಅಲ್ಲಿಂದ ಸೋಲೂರು 20. ಸೋಲೂರಿನಿಂದ ಕುಣಿಗಲ್ 24. ಕುಣಿಗಲ್‌ನಿಂದ ಯಡಿಯೂರು 20. ಯಡಿಯೂರಿನಿಂದ ಬೆಳ್ಳೂರು ಕ್ರಾಸ್, ಕದಬಹಳ್ಳಿಯ ಮೇಲೆ ಹಿರೀಸಾವೆಗೆ 32, ಇಡೀ ಯಾತ್ರೆಯಲ್ಲಿ ಇದೇ ಉದ್ದದ ದಿನ. ಹಿರೀಸಾವೆಯಿಂದ ಚನ್ನರಾಯಪಟ್ಟಣ 23. ಅಲ್ಲಿಂದ ಶಾಂತಿಗ್ರಾಮ 25. ಶಾಂತಿಗ್ರಾಮದಿಂದ ಹಾಸನ 13. ಹಾಸನದಿಂದ ಹಗರೆ 25, ಹಗರೆಯಿಂದ ಬೇಲೂರು 14. ಬೇಲೂರಿನಿಂದ ಮೂಡಿಗೆರೆ 30. ಮೂಡಿಗೆರೆಯಿಂದ ಬಣಕಲ್ ಮೇಲೆ ಕೊಟ್ಟಿಗೆಹಾರ 20. ಕೊಟ್ಟಿಗೆಹಾರದಿಂದ ಘಾಟಿ ಇಳಿದು ಕಕ್ಕಿಂಜೆ 26ರ ಹತ್ತಿರ. ಕಕ್ಕಿಂಜೆಯಿಂದ ಮುಂಡಾಜೆ, ಉಜಿರೆ ದಾಟಿ ಧರ್ಮಸ್ಥಳ 23. ಒಟ್ಟು 315 ಕಿ.ಮೀ. ಆಸುಪಾಸು.

ಹಾಸನ ಮತ್ತು ಬೇಲೂರು ತಲುಪುವ ಎರಡು ದಿನ ಬೇಕೆಂದೇ ಚಿಕ್ಕದಾಗಿವೆ. ಪೂರಾ ಒಂದು ದಿನ ಮಲಗಿಬಿಟ್ಟರೆ ಮಾರನೆಯ ಬೆಳಗ್ಗೆ ಕಾಲು ಮರದ ಕೊರಡಿನ ಹಾಗೆ ಬಿಗಿದಿರುತ್ತದೆ. ಬೆಳಗ್ಗೆ ಮೂರು ಗಂಟೆ ನಡೆದು ಉಳಿದ ದಿನ ಕಾಲು ಮೇಲಿಟ್ಟು ಮಲಗುವುದು ಹೆಚ್ಚು ಹಿತ. ಹಾಸನದಲ್ಲಿ ಬಟ್ಟೆ ಒಗೆಸಿಕೊಳ್ಳಬಹುದು, ಔಷಧಿ ಅಂಗಡಿ ಬೇಕಾದಷ್ಟಿವೆ, ಚಪ್ಪಲಿ ಕಿತ್ತಿದ್ದರೆ ಹೊಸದು ಸಿಗುತ್ತದೆ. ಬೇಲೂರಿನಲ್ಲಿ 1117ರಲ್ಲಿ ಪ್ರತಿಷ್ಠೆಯಾದ ಚನ್ನಕೇಶವನ ಗುಡಿಯನ್ನು ಅವಸರವಿಲ್ಲದೆ ನೋಡಲು ಒಂದು ಮಧ್ಯಾಹ್ನ ಸಿಗುತ್ತದೆ. ಇಷ್ಟು ದೂರ ನಡೆದು ಬಂದವರು ಆ ಗುಡಿಯ ಮುಂದೆ ಹಾದುಹೋಗಿಬಿಡುವುದು ಸರಿಯಲ್ಲ.

ಈ ಪಟ್ಟಿಯಲ್ಲಿ ಒಂದು ತೊಡಕಿದೆ. ನೆಲಮಂಗಲ, ಕುಣಿಗಲ್, ಚನ್ನರಾಯಪಟ್ಟಣ, ಹಾಸನ, ಬೇಲೂರು, ಮೂಡಿಗೆರೆ, ಉಜಿರೆಗಳಲ್ಲಿ ಲಾಡ್ಜ್‌ಗಳಿವೆ. ಯಡಿಯೂರಿನಲ್ಲಿ ಸಿದ್ಧಲಿಂಗೇಶ್ವರರ ಸನ್ನಿಧಿಯಲ್ಲಿ ಕೋಣೆಯೂ ಸಿಗುತ್ತದೆ, ದಾಸೋಹವೂ ಇದೆ. ಆದರೆ ಸೋಲೂರು, ಹಿರೀಸಾವೆ, ಶಾಂತಿಗ್ರಾಮ, ಹಗರೆ, ಕಕ್ಕಿಂಜೆಗಳಲ್ಲಿ ಇಬ್ಬರಿಗೆ ಬಾಗಿಲು ಹಾಕಿಕೊಂಡು ಮಲಗುವ ಕೋಣೆ ಸಿಗುತ್ತದೆ ಎಂದು ನಂಬಿಕೊಂಡು ಹೋಗುವ ಹಾಗಿಲ್ಲ. ತಂಡದವರು ಶಾಲೆಯ ಜಗಲಿಯಲ್ಲಿ ಐವತ್ತು ಜನ ಒಟ್ಟಿಗೆ ಮಲಗುತ್ತಾರೆ. ಹೆಂಗಸರು ಒಂದು ಮೂಲೆ, ಗಂಡಸರು ಒಂದು ಮೂಲೆ. ಇಬ್ಬರೇ ಇರುವಾಗ ಅದು ನೆಮ್ಮದಿಯ ನಿದ್ದೆಯಲ್ಲ.

ಇದಕ್ಕೆ ಒಳ್ಳೆಯ ಪರಿಹಾರ, ಒಂದೇ ಕೋಣೆಯಲ್ಲಿ ಎರಡು ರಾತ್ರಿ. ಸೋಲೂರು ತನಕ ನಡೆಯಿರಿ. ನಿಂತ ಜಾಗವನ್ನು ಗುರುತು ಮಾಡಿಕೊಳ್ಳಿ, ಕಿಲೋಮೀಟರ್ ಕಲ್ಲೋ ಬಸ್‌ಸ್ಟಾಪೋ ಏನಾದರೂ ಒಂದು. ಬಸ್ಸು ಹತ್ತಿ ಕುಣಿಗಲ್‌ಗೆ ಹೋಗಿ ಕೋಣೆ ಹಿಡಿದು ಮಲಗಿ. ಮಾರನೆಯ ಬೆಳಗ್ಗೆ ಚೀಲವನ್ನು ಕೋಣೆಯಲ್ಲೇ ಬಿಟ್ಟು, ನೀರಿನ ಬಾಟಲಿ ಮಾತ್ರ ಹಿಡಿದು, ಮೊದಲ ಬಸ್ಸಿನಲ್ಲಿ ಸೋಲೂರಿಗೆ ಮರಳಿ ಅದೇ ಗುರುತಿನಿಂದ ಕುಣಿಗಲ್‌ಗೆ ನಡೆಯಿರಿ. ಒಂದು ಹೆಜ್ಜೆಯೂ ತಪ್ಪುವುದಿಲ್ಲ, ಅರ್ಧ ದಾರಿ ಬೆನ್ನು ಹಗುರ. ಹೀಗೆಯೇ ಹಿರೀಸಾವೆಯ ದಿನಕ್ಕೆ ಚನ್ನರಾಯಪಟ್ಟಣ, ಶಾಂತಿಗ್ರಾಮಕ್ಕೆ ಹಾಸನ, ಹಗರೆಗೆ ಬೇಲೂರು, ಕಕ್ಕಿಂಜೆಗೆ ಉಜಿರೆ. ಕೊನೆಯ ದಿನ ಕಕ್ಕಿಂಜೆಯಿಂದ ಉಜಿರೆ ತನಕ ಖಾಲಿ ಕೈಯಲ್ಲಿ ಬಂದು, ಕೋಣೆಯಿಂದ ಚೀಲ ತೆಗೆದುಕೊಂಡು, ಉಳಿದ 9 ಕಿ.ಮೀ. ನಡೆದರಾಯಿತು. ಇದರಲ್ಲಿ ಎಡವುವುದು ಬಸ್ಸಿನ ವಿಷಯದಲ್ಲಿ. ಹೆದ್ದಾರಿಯಲ್ಲಿ ಬಸ್ಸು ಎಷ್ಟೇ ಓಡಾಡಿದರೂ ವೇಗದೂತಗಳು ಸೋಲೂರಿನಂಥ ಕಡೆ ನಿಲ್ಲಿಸುವುದಿಲ್ಲ, ಬೈಪಾಸ್ ಹಿಡಿದು ಹೋಗುವ ಬಸ್ಸು ಊರೊಳಗೇ ಬರುವುದಿಲ್ಲ. ಹಿಂದಿನ ಸಂಜೆಯೇ ನಿಲ್ದಾಣದಲ್ಲಿ ಕೇಳಿ, ಬೆಳಗಿನ ಮೊದಲ ಸಾಮಾನ್ಯ ಬಸ್ಸು ಎಷ್ಟು ಹೊತ್ತಿಗೆ ಎಂದು ತಿಳಿದುಕೊಳ್ಳಿ. ಶಕ್ತಿ ಯೋಜನೆಯ ಉಚಿತ ಟಿಕೆಟ್‌ಗೆ ಹೆಂಗಸರ ಕೈಯಲ್ಲಿ ಆಧಾರ್‌ನಂಥ ಗುರುತಿನ ಚೀಟಿ ಇರಬೇಕು; ಲಾಡ್ಜ್‌ನಲ್ಲಿ ಇಬ್ಬರದೂ ಕೇಳುತ್ತಾರೆ. ಚೀಲ ಕೋಣೆಯಲ್ಲಿ ಬಿಡುವ ದಿನ ಗುರುತಿನ ಚೀಟಿಯನ್ನು ಅದರಲ್ಲೇ ಮರೆಯಬೇಡಿ.

ಬೈಪಾಸ್ ಬಗ್ಗೆ ಇನ್ನೊಂದು ಮಾತು. ಫೋನಿನ ನಕ್ಷೆಯನ್ನು ಕಾರಿನ ದಾರಿಗೆ ಇಟ್ಟುಕೊಂಡು ನಡೆದರೆ ಅದು ಕುಣಿಗಲ್, ಚನ್ನರಾಯಪಟ್ಟಣ, ಹಾಸನ ಎಲ್ಲವನ್ನೂ ಬದಿಗೆ ಸರಿಸಿ ಹೊರಗಿನಿಂದ ಕರೆದೊಯ್ಯುತ್ತದೆ. ಅಲ್ಲಿ ನೆರಳಿಲ್ಲ, ಹೋಟೆಲಿಲ್ಲ, ಶೌಚಾಲಯವಿಲ್ಲ. ನಡಿಗೆಯ ದಾರಿಗೆ ಬದಲಾಯಿಸಿ ಹಳೆಯ ರಸ್ತೆಯಲ್ಲಿ ಊರೊಳಗೆ ಹೋಗಿ.

ಬೆಂಗಳೂರು ಹಾಸನ ರೈಲು ಮಾರ್ಗ ಈ ದಾರಿಯ ಪಕ್ಕದಲ್ಲೇ ಸಾಗುತ್ತದೆ ಎಂಬುದನ್ನು ಬಹಳ ಜನ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. 2017ರಲ್ಲಿ ಪೂರ್ತಿ ತೆರೆದ ಆ ಮಾರ್ಗದಲ್ಲಿ ನೆಲಮಂಗಲ, ಸೋಲೂರು, ಕುಣಿಗಲ್, ಯಡಿಯೂರು, ಬಿ.ಜಿ. ನಗರ, ಹಿರೀಸಾವೆ, ಚನ್ನರಾಯಪಟ್ಟಣ ಎಲ್ಲಕ್ಕೂ ನಿಲ್ದಾಣವಿದೆ. ಗಾಡಿಗಳು ಕಡಿಮೆ, ಕೆಲವು ನಿಲ್ದಾಣ ಊರಿನಿಂದ ದೂರ, ಆದರೂ ಎರಡು ಕೆಲಸಕ್ಕೆ ಬರುತ್ತದೆ. ಒಂದು, ಅಭ್ಯಾಸದ ನಡಿಗೆ. ಶನಿವಾರ ನೆಲಮಂಗಲದಿಂದ ಸೋಲೂರು, ಭಾನುವಾರ ಸೋಲೂರಿನಿಂದ ಕುಣಿಗಲ್ ನಡೆದು ರೈಲಿನಲ್ಲೋ ಬಸ್ಸಿನಲ್ಲೋ ವಾಪಸ್ ಬನ್ನಿ. ಅಭ್ಯಾಸವನ್ನು ಎರಡು ದಿನ ಒಟ್ಟಿಗೇ ಮಾಡಬೇಕು. ಒಂದು ದಿನ 25 ಕಿ.ಮೀ. ಯಾರು ಬೇಕಾದರೂ ನಡೆಯುತ್ತಾರೆ; ಮಾರನೆಯ ಬೆಳಗ್ಗೆ ಅದೇ ಕಾಲಿನಲ್ಲಿ ಮತ್ತೆ ಎದ್ದು ಹೊರಟಾಗ ಮಾತ್ರ ನಿಜ ಗೊತ್ತಾಗುತ್ತದೆ. ಇನ್ನೊಂದು, ಒಬ್ಬರಿಗೆ ಒಂದು ದಿನ ನಡೆಯಲಾಗದಿದ್ದರೆ ಅವರು ಮುಂದಿನ ಊರಿಗೆ ಹೋಗಿ ಕೋಣೆ ಹಿಡಿದು ಮಲಗಿರಬಹುದು. ಗಾಯ ಕೆಟ್ಟರೆ ಬೆಳ್ಳೂರು ಕ್ರಾಸ್ ಸಮೀಪದ ಬಿ.ಜಿ. ನಗರದಲ್ಲಿ ಆದಿಚುಂಚನಗಿರಿಯ ದೊಡ್ಡ ಆಸ್ಪತ್ರೆ ಇದೆ, ಮುಂದೆ ಹಾಸನದಲ್ಲಿದೆ. ಹಾಸನ ದಾಟಿದ ಮೇಲೆ ರೈಲು ಈ ದಾರಿಯನ್ನು ಬಿಟ್ಟು ಸಕಲೇಶಪುರದ ಕಡೆ ತಿರುಗುತ್ತದೆ.

ಇಲ್ಲಿ ಇಬ್ಬರೂ ಮನೆಯಲ್ಲೇ ಕೂತು ಮಾತಾಡಿಕೊಳ್ಳಬೇಕಾದ ಸಂಗತಿ ಬರುತ್ತದೆ. ಹರಕೆ ಯಾರದು? ಇಬ್ಬರದೋ, ಒಬ್ಬರದೋ? ಒಬ್ಬರು ಬಸ್ಸು ಹತ್ತಬೇಕಾಗಿ ಬಂದರೆ ಇನ್ನೊಬ್ಬರು ನಡೆಯುತ್ತಾರೋ, ಜೊತೆಗೆ ಹತ್ತುತ್ತಾರೋ? ಎಷ್ಟು ನೋವಿಗೆ ನಿಲ್ಲಿಸಬೇಕು? ಇದನ್ನು ಯಡಿಯೂರಿನ ಬಿಸಿಲಿನಲ್ಲಿ ನಿಂತು ತೀರ್ಮಾನ ಮಾಡಲು ಹೋದರೆ ನೋವಿರುವವರು ಇನ್ನೊಬ್ಬರ ಹರಕೆ ಕೆಡಬಾರದೆಂದು ಬಾಯಿ ಬಿಡುವುದಿಲ್ಲ, ಸುಮ್ಮನೆ ಕುಂಟುತ್ತಾರೆ. ಕುಂಟು ನಡಿಗೆ ಒಂದೇ ದಿನದಲ್ಲಿ ಪಾದದ ನೋವನ್ನು ಮಂಡಿಗೆ ಏರಿಸುತ್ತದೆ, ಮಂಡಿಯಿಂದ ಸೊಂಟಕ್ಕೆ. ಆದ್ದರಿಂದ ಮೊದಲೇ ಒಂದು ಗೆರೆ ಹಾಕಿಕೊಳ್ಳಿ: ಒಂದು ಗಂಟೆ ಕೂತು ಎದ್ದ ಮೇಲೂ ಕುಂಟುತ್ತಿದ್ದರೆ ಆ ದಿನದ ನಡಿಗೆ ಅಲ್ಲಿಗೆ ಮುಗಿಯಿತು, ಯಾರೂ ಯಾರನ್ನೂ ಏನೂ ಕೇಳಬೇಕಾಗಿಲ್ಲ. ಮಂಜುನಾಥಸ್ವಾಮಿ ಯಾರ ಮಂಡಿಯನ್ನೂ ಬೇಡುವುದಿಲ್ಲ ಎಂದೇ ನಾನು ನಂಬಿರುವುದು.

ನಡೆಯುವಾಗ ನಿಧಾನದವರು ಮುಂದೆ ಇರಬೇಕು. ಇದು ಸಣ್ಣ ವಿಷಯವಾಗಿ ಕಾಣುತ್ತದೆ, ಆದರೆ ಇದರಿಂದ ಬದಲಾಗುವಷ್ಟು ಬೇರೆ ಯಾವುದರಿಂದಲೂ ಬದಲಾಗುವುದಿಲ್ಲ. ವೇಗದವರು ಮುಂದಿದ್ದರೆ ಇನ್ನೂರು ಮೀಟರ್ ಹೋಗಿ ನಿಂತು ಕಾಯುತ್ತಾರೆ. ಹಿಂದಿನವರು ಬಂದು ಮುಟ್ಟಿದ ಕೂಡಲೇ ಮತ್ತೆ ಹೊರಡುತ್ತಾರೆ. ವಿಶ್ರಾಂತಿ ಬೇಕಿಲ್ಲದವರಿಗೆ ವಿಶ್ರಾಂತಿ, ಬೇಕಾದವರಿಗೆ "ರೀ, ಒಂಚೂರು ನಿಧಾನ" ಎಂದು ಕೂಗುವ ಕೆಲಸ. ಬೆಳಗ್ಗೆ ಗಂಟೆಗೆ ನಾಲ್ಕು, ನಾಲ್ಕೂವರೆ ಕಿ.ಮೀ. ಸಾಗುವವರು ಬಿಸಿಲು ಏರಿದ ಮೇಲೆ ಮೂರಕ್ಕೆ ಇಳಿಯುತ್ತಾರೆ. ಆದ್ದರಿಂದ ಜಾವ ಐದಕ್ಕೆ ಹೊರಟು ಹತ್ತೂವರೆಯೊಳಗೆ 18 ಕಿ.ಮೀ. ಮುಗಿಸಿಬಿಡಿ. ನಡುವೆ ತಿಂಡಿಗೆ ಅರ್ಧ ಗಂಟೆ ಇರಲಿ. ಹತ್ತೂವರೆಯಿಂದ ನಾಲ್ಕರವರೆಗೆ ನೆರಳು, ಊಟ, ನಿದ್ದೆ. ಉಳಿದ ಆರೇಳು ಕಿ.ಮೀ. ಸಂಜೆಗೆ. ಹಿರೀಸಾವೆಯ ದಿನ ಮಾತ್ರ ನಾಲ್ಕಕ್ಕೇ ಹೊರಟು ಬೆಳ್ಳೂರು ಕ್ರಾಸ್‌ನಲ್ಲಿ ತಿಂಡಿ, ಕದಬಹಳ್ಳಿಯಲ್ಲಿ ಮಧ್ಯಾಹ್ನದ ವಿಶ್ರಾಂತಿ.

ಹೆದ್ದಾರಿಯಲ್ಲಿ ಎದುರು ಬರುವ ವಾಹನ ಕಾಣುವ ಹಾಗೆ ಬಲಬದಿಯಲ್ಲಿ ನಡೆಯಬೇಕು. ನಾಲ್ಕು ಪಥದ ರಸ್ತೆಯಲ್ಲಿ ಬಲಬದಿ ಎಂದರೆ ಡಿವೈಡರ್ ಪಕ್ಕ ಅಲ್ಲ, ಆಚೆ ರಸ್ತೆಯ ಹೊರ ಅಂಚು. ಸರ್ವಿಸ್ ರೋಡ್ ಇರುವಲ್ಲೆಲ್ಲ ಅದನ್ನೇ ಹಿಡಿಯಿರಿ. ಒಬ್ಬರ ಹಿಂದೆ ಒಬ್ಬರು. ಮಾತಾಡಿಕೊಂಡು ಪಕ್ಕಪಕ್ಕ ನಡೆಯುವುದನ್ನು ಸರ್ವಿಸ್ ರೋಡ್‌ಗೆ ಇಟ್ಟುಕೊಳ್ಳಿ. ಮಿನುಗುವ ಪಟ್ಟಿಯ ಜಾಕೆಟ್ ಇಬ್ಬರಿಗೂ ಬೇಕು, ಚೀಲ ಅದನ್ನು ಮುಚ್ಚಿಬಿಡುವುದರಿಂದ ಚೀಲದ ಮೇಲೂ ಪಟ್ಟಿ ಅಂಟಿಸಿ. ಮುಂದಿನವರ ಕೈಯಲ್ಲಿ ಬಿಳಿ ಟಾರ್ಚು, ಹಿಂದಿನವರ ಚೀಲಕ್ಕೆ ಸೈಕಲ್ಲಿನ ಕೆಂಪು ಮಿನುಗು ದೀಪ. ಬರಿಗಾಲಿನ ಹರಕೆ ಹೊತ್ತವರು ಇನ್ನೂ ಎಚ್ಚರವಾಗಿರಬೇಕು. ಟಾರು ಕಾದಾಗ ರಸ್ತೆಯಂಚಿನ ಬಿಳಿ ಪಟ್ಟಿ ತಣ್ಣಗಿರುತ್ತದೆ, ಕಾಲು ತಾನಾಗಿ ಅದರ ಮೇಲೆ ಹೋಗುತ್ತದೆ, ಲಾರಿಯ ಚಕ್ರವೂ ಅಲ್ಲೇ ಬರುತ್ತದೆ. ಬರಿಗಾಲಿನವರು ಬೆಳಗಿನ ನಡಿಗೆಯನ್ನು ಒಂಬತ್ತೂವರೆಗೇ ನಿಲ್ಲಿಸಬೇಕು, ಯೋಜನೆಗೆ ಎರಡು ಮೂರು ದಿನ ಹೆಚ್ಚು ಸೇರಿಸಿಕೊಳ್ಳಬೇಕು.

ನೀರಿನ ವಿಷಯ ಹೇಳುವಾಗ ಶೌಚಾಲಯದ ವಿಷಯ ಬಿಟ್ಟರೆ ಅರ್ಧ ಮಾತ್ರ ಹೇಳಿದ ಹಾಗೆ. ಗಂಟೆಗೆ ಅರ್ಧ ಲೀಟರ್ ಕುಡಿಯಬೇಕು, ತಲೆಗೆ ಒಂದೂವರೆ ಲೀಟರ್ ಹೊತ್ತಿರಬೇಕು, ಇದು ಎಲ್ಲರೂ ಹೇಳುವ ಮಾತು. ದಾರಿಯಲ್ಲಿ ಹೋಗಲು ಜಾಗವಿಲ್ಲ ಎಂದು ಹೆಂಗಸರು ಕುಡಿಯುವುದನ್ನೇ ಬಿಡುತ್ತಾರೆ, ಇದನ್ನು ಯಾರೂ ಹೇಳುವುದಿಲ್ಲ. ತಲೆನೋವು, ಸುಸ್ತು, ಉರಿಮೂತ್ರ ಎಲ್ಲ ಅಲ್ಲಿಂದ ಶುರು. ದಾರಿ ಗುರುತಿಸುವಾಗ ಆರೇಳು ಕಿ.ಮೀ.ಗೆ ಒಂದರಂತೆ ಪೆಟ್ರೋಲ್ ಬಂಕ್, ದೊಡ್ಡ ಹೋಟೆಲ್, ಬಸ್ ನಿಲ್ದಾಣಗಳನ್ನು ನಕ್ಷೆಯಲ್ಲಿ ಚುಕ್ಕೆ ಹಾಕಿಕೊಳ್ಳಿ. ಹೆದ್ದಾರಿಯಲ್ಲಿ ಇದು ಕಷ್ಟವಲ್ಲ. ಬೇಲೂರು ಮೂಡಿಗೆರೆ ನಡುವೆ ಮತ್ತು ಘಾಟಿಯಲ್ಲಿ ಚುಕ್ಕೆಗಳು ದೂರ ದೂರ ಬೀಳುತ್ತವೆ, ಅಲ್ಲಿಗೆ ಮೊದಲೇ ಸಿದ್ಧರಾಗಿ ಹೋಗಬೇಕು. ಮುಟ್ಟಿನ ದಿನಗಳು ಈ ಹದಿನಾಲ್ಕರ ನಡುವೆ ಬೀಳುತ್ತವೆಯೇ ಎಂಬುದನ್ನೂ ಎರಡು ತಿಂಗಳು ಮೊದಲೇ ನೋಡಿಕೊಳ್ಳಿ. ಮನೆಯ ನಡವಳಿಕೆಯಂತೆ ಏನು ಮಾಡಬೇಕೆಂಬುದು ಅವರವರಿಗೆ ಬಿಟ್ಟದ್ದು. ಮುಂದೂಡುವ ಮಾತ್ರೆಯನ್ನು ಅಂಗಡಿಯಲ್ಲಿ ಕೇಳಿ ನುಂಗುವುದು ಮಾತ್ರ ಬೇಡ, ವೈದ್ಯರನ್ನು ಕಾಣಿ.

ಚೀಲ ಒಬ್ಬೊಬ್ಬರದು ನೀರು ಸೇರಿ ಐದು ಕಿಲೋ ಮೀರಬಾರದು. ಎರಡು ಜೊತೆ ಬಟ್ಟೆ, ತೆಳು ಹೊದಿಕೆ, ಪಂಚೆ, ಮೂರು ಜೊತೆ ಕಾಲುಚೀಲ. ಹಾಸನದಿಂದ ಕೊಟ್ಟಿಗೆಹಾರದವರೆಗೆ ಬೆಳಗಿನ ಚಳಿ ಕಚ್ಚುತ್ತದೆ, ಒಂದು ಸ್ವೆಟರ್ ಬೇಕೇ ಬೇಕು. ಶೂ ಹೊಸದಾಗಿರಬಾರದು, ಮಾಮೂಲಿಗಿಂತ ಅರ್ಧ ಅಳತೆ ದೊಡ್ಡದಿರಬೇಕು, ಮೂರನೆಯ ದಿನಕ್ಕೆ ಪಾದ ಊದಿರುತ್ತದೆ. ಬೆಳಗ್ಗೆ ಬೆರಳ ಸಂದಿಗೂ ತೊಡೆಗೂ ವ್ಯಾಸಲಿನ್ ಹಚ್ಚಿ. ಪಾದದಲ್ಲಿ ಒಂದು ಕಡೆ ಬಿಸಿಯಾಗಿ ಉಜ್ಜುತ್ತಿದೆ ಅನ್ನಿಸಿದ ನಿಮಿಷವೇ ಕೂತು ಆ ಜಾಗಕ್ಕೆ ಮೈಕ್ರೋಪೋರ್ ಟೇಪು ಸುತ್ತಬೇಕು. ಮುಂದಿನ ಊರಿನಲ್ಲಿ ನೋಡೋಣ ಎಂದರೆ ಬೊಬ್ಬೆ ಎದ್ದಿರುತ್ತದೆ. ಎದ್ದ ಬೊಬ್ಬೆಯನ್ನು ಶುದ್ಧ ಸೂಜಿಯಿಂದ ಅಂಚಿನಲ್ಲಿ ಚುಚ್ಚಿ ನೀರು ಇಳಿಸಿ, ಮೇಲಿನ ಚರ್ಮವನ್ನು ಕೀಳದೆ ಬೀಟಾಡಿನ್ ಹಚ್ಚಿ ಮುಚ್ಚಿ. ಸಕ್ಕರೆ ಕಾಯಿಲೆ ಇರುವವರು ಚುಚ್ಚಲೇಬಾರದು, ಆಸ್ಪತ್ರೆಗೆ ತೋರಿಸಬೇಕು. ಓಆರ್‌ಎಸ್ ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಪೂರ್ತಿ ಪೊಟ್ಟಣ ಹಾಕಿ, ಅರ್ಧರ್ಧ ಅಂದಾಜು ಬೇಡ. ನೋವಿಗೆಂದು ಡೈಕ್ಲೋಫೆನಾಕ್ ದಿನವೂ ನುಂಗುವ ಅಭ್ಯಾಸ ಪಾದಯಾತ್ರಿಗಳಲ್ಲಿದೆ. ನೀರು ಬತ್ತಿದ ಮೈಯಲ್ಲಿ ಅದು ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತದೆ. ಪ್ಯಾರಾಸಿಟಮಾಲ್‌ನಲ್ಲಿ ತಡೆಯಲಾಗದ ನೋವಾದರೆ ಅದು ನಿಲ್ಲಿಸಬೇಕಾದ ನೋವು.

ಇನ್ನು ಆನೆ. ಬೇಲೂರು, ಆಲೂರು, ಸಕಲೇಶಪುರ, ಮೂಡಿಗೆರೆ ಸೀಮೆಯ ಕಾಫಿ ತೋಟಗಳಲ್ಲಿ ಕಾಡಾನೆಗಳು ಓಡಾಡಿಕೊಂಡಿವೆ, ಜನ ಸತ್ತಿದ್ದಾರೆ. ರಸ್ತೆ ದಾಟುವುದು ಹೆಚ್ಚಾಗಿ ಮುಸ್ಸಂಜೆ ಮತ್ತು ಬೆಳಗಿನ ಜಾವ, ಅಂದರೆ ಪಾದಯಾತ್ರಿಗಳು ನಡೆಯಲು ಇಷ್ಟಪಡುವ ಹೊತ್ತಿನಲ್ಲೇ. ಬೇಲೂರು ದಾಟಿದ ಮೇಲೆ ಹೊರಡುವುದು ಬೆಳಕು ಹರಿದ ಮೇಲೆ, ಆರೂವರೆಗೆ. ಸಂಜೆ ಐದೂವರೆಯೊಳಗೆ ಕೋಣೆಯಲ್ಲಿರಬೇಕು. ಇಲ್ಲಿ ಬಿಸಿಲು ಬಯಲುಸೀಮೆಯಷ್ಟು ಇರುವುದಿಲ್ಲ, ತೋಟದ ನೆರಳಿದೆ, ತಡವಾಗಿ ಹೊರಟರೂ 30 ಕಿ.ಮೀ. ಸಾಗುತ್ತದೆ. ಹಿಂದಿನ ರಾತ್ರಿ ಲಾಡ್ಜಿನವರನ್ನೋ ಆಟೋದವರನ್ನೋ ಕೇಳಿ, ಆನೆ ಯಾವ ಕಡೆ ಇದೆ ಎಂಬುದು ಆ ಊರಿನವರಿಗೆ ಗೊತ್ತಿರುತ್ತದೆ. ಕೊಟ್ಟಿಗೆಹಾರದಲ್ಲಿ ಹೋಂಸ್ಟೇ ಹಿಡಿಯುವಾಗಲೂ ಇದೇ ಎಚ್ಚರ. ಜಾಹೀರಾತಿನಲ್ಲಿ ಕೊಟ್ಟಿಗೆಹಾರ ಎಂದಿದ್ದರೂ ಮನೆ ಮುಖ್ಯರಸ್ತೆಯಿಂದ ಏಳೆಂಟು ಕಿ.ಮೀ. ಒಳಗೆ ತೋಟದ ನಡುವೆ ಇರಬಹುದು. ರಸ್ತೆಯಿಂದ ಎಷ್ಟು ದೂರ ಎಂದು ಕೇಳಿಯೇ ಮುಂಗಡ ಕೊಡಿ. ಶಿವರಾತ್ರಿ ವಾರಕ್ಕೆ ಇದನ್ನು ಒಂದು ತಿಂಗಳು ಮೊದಲೇ ಮಾಡಬೇಕು.

ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಮಧ್ಯಾಹ್ನಕ್ಕೂ ಏನಾದರೂ ಕಟ್ಟಿಸಿಕೊಂಡು ಹೊರಡಿ. ಘಾಟಿಯಲ್ಲಿ ಅಂಗಡಿಗಳನ್ನು ನೆಚ್ಚುವ ಹಾಗಿಲ್ಲ, ಬಹುಪಾಲು ದಾರಿಯಲ್ಲಿ ಫೋನೂ ಸಿಗುವುದಿಲ್ಲ. ಇಳಿಜಾರು ಸುಲಭ ಎಂದು ಹೇಳುವವರು ಏಳೆಂಟು ನೂರು ಮೀಟರನ್ನು ಒಂದೇ ದಿನ ಟಾರು ರಸ್ತೆಯಲ್ಲಿ ಇಳಿದಿರುವುದಿಲ್ಲ. ತೊಡೆಯ ಮುಂಭಾಗ ನಡುಗುತ್ತದೆ, ಮಂಡಿಯ ಚಿಪ್ಪಿನ ಕೆಳಗೆ ಚಳುಕು, ಬೆರಳುಗಳು ಶೂ ಮೂತಿಗೆ ಗುದ್ದಿ ಉಗುರು ಕಪ್ಪಾಗುತ್ತದೆ. ಹಿಂದಿನ ದಿನವೇ ಉಗುರು ಕತ್ತರಿಸಿ, ಶೂ ಲೇಸನ್ನು ಹಿಮ್ಮಡಿ ಹಿಂದಕ್ಕೆ ಕೂರುವ ಹಾಗೆ ಮೇಲ್ಗಡೆ ಬಿಗಿಯಾಗಿ ಕಟ್ಟಿ, ಹೆಜ್ಜೆ ಚಿಕ್ಕದಾಗಿ ಇಡಿ. ಒಂದು ಕೋಲು ಇದ್ದರೆ ಮಂಡಿಗೆ ಎಷ್ಟೋ ಆಸರೆ. ಬಲಬದಿಯ ನಿಯಮ ಇಲ್ಲಿ ಒಂದು ಕಡೆ ಮುರಿಯುತ್ತದೆ. ರಸ್ತೆ ಬಲಕ್ಕೆ ಸುತ್ತುವ ಕುರುಡು ತಿರುವಿನಲ್ಲಿ ಒಳಬದಿಯಲ್ಲಿ ಇರುವವರನ್ನು ಹತ್ತಿ ಬರುವ ಚಾಲಕ ಕೊನೆಯ ಗಳಿಗೆಯವರೆಗೂ ನೋಡಲಾರ. ತಿರುವಿಗೆ ಐವತ್ತು ಹೆಜ್ಜೆ ಮುಂಚೆಯೇ ಹೊರಬದಿಗೆ ದಾಟಿ, ತಿರುವು ಮುಗಿದ ಮೇಲೆ ಮರಳಿ. ಅಣ್ಣಪ್ಪಸ್ವಾಮಿಯ ಗುಡಿಯ ಬಳಿ ಎಲ್ಲರೂ ನಿಂತು ಕೈಮುಗಿದು ಹೋಗುತ್ತಾರೆ.

ಘಾಟಿಯಲ್ಲಿ ಬೆಂಕಿ ಹಚ್ಚಬೇಡಿ. ಆ ತಿಂಗಳಲ್ಲಿ ಗುಡ್ಡದ ಹುಲ್ಲು ಒಣಗಿ ನಿಂತಿರುತ್ತದೆ, ಚಹಾಕ್ಕೆಂದು ಹಚ್ಚಿದ ಒಲೆ ಶೋಲಾ ಕಾಡಿನವರೆಗೆ ಹಬ್ಬುತ್ತದೆ. ಪೆಂಡಾಲಿನವರು ಭಕ್ತಿಯಿಂದ ಕೊಟ್ಟ ಲೋಟ, ತಟ್ಟೆ, ಬಾಟಲಿಗಳು ವರ್ಷವರ್ಷವೂ ಚಾರ್ಮಾಡಿಯ ಕಣಿವೆಗೆ ಉರುಳುತ್ತವೆ. ಒಂದು ಸ್ಟೀಲ್ ಲೋಟ ಚೀಲಕ್ಕೆ ಕಟ್ಟಿಕೊಂಡರೆ ನಿಮ್ಮಿಂದ ಅಷ್ಟು ಕಡಿಮೆ. ಸ್ವಾಮಿಯ ಹೆಸರಿನಲ್ಲಿ ನಡೆದು ಅವನ ಬೆಟ್ಟಕ್ಕೇ ಕಸ ಸುರಿಯುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಚಾರ್ಮಾಡಿ ಊರು ಸಿಕ್ಕ ಮೇಲೆ ಹವೆಯೇ ಬದಲು. ಮೇಲೆ ಒಣ ಚಳಿ, ಕೆಳಗೆ ಬೆವರು ಆರದ ಸೆಕೆ. ಸ್ವೆಟರ್ ತೆಗೆದಿಟ್ಟು ನೀರಿನ ಲೆಕ್ಕವನ್ನು ಹೆಚ್ಚಿಸಿಕೊಳ್ಳಬೇಕು. ಕೊನೆಯ ದಿನ ಬೇಗ ತಲುಪುವ ಹುರುಪಿನಲ್ಲಿ ಜನ ನೀರು ಮರೆಯುತ್ತಾರೆ.

ಕ್ಷೇತ್ರಕ್ಕೆ ಬಂದವರು ಮೊದಲು ನೇತ್ರಾವತಿಯಲ್ಲಿ ಮಿಂದು ದರ್ಶನಕ್ಕೆ ಹೋಗುವುದು ವಾಡಿಕೆ. ಬೊಬ್ಬೆ ಒಡೆದು ಹಸಿ ಗಾಯವಾಗಿದ್ದರೆ ಮೈಗೆ ತಂಬಿಗೆಯಲ್ಲಿ ನೀರು ಹೊಯ್ದುಕೊಂಡು ಪಾದವನ್ನು ಒಣಗಿಯೇ ಇಟ್ಟುಕೊಳ್ಳಿ. ಗುಡಿಯೊಳಗೆ ಗಂಡಸರು ಅಂಗಿ ಬನಿಯನ್ ತೆಗೆಯಬೇಕು, ಸರತಿ ಉದ್ದವಿರುತ್ತದೆ, ಅಷ್ಟು ಹೊತ್ತು ಬರಿಗಾಲಿನಲ್ಲಿ ನಿಲ್ಲಬೇಕಾಗುತ್ತದೆ. ಟೇಪು ಸುತ್ತಿಕೊಂಡೇ ಹೋಗಿ. ಅನ್ನಪೂರ್ಣ ಭೋಜನಾಲಯದ ಊಟ ಇದ್ದೇ ಇದೆ. ಕೋಣೆಯನ್ನು ಮಾತ್ರ ಆ ದಿನ ಹೋಗಿ ಕೇಳಿದರೆ ಸಿಗುವುದು ಕಷ್ಟ. ಉಜಿರೆಯ ಕೋಣೆಯನ್ನೇ ಎರಡು ಮೂರು ರಾತ್ರಿಗೆ ಹೇಳಿಟ್ಟುಕೊಂಡರೆ ದರ್ಶನ ಮುಗಿಸಿ ಬಸ್ಸಿನಲ್ಲಿ 9 ಕಿ.ಮೀ. ಹಿಂದಕ್ಕೆ ಬಂದು ಮಲಗಬಹುದು, ಮಾರನೆಯ ಸಂಜೆ ಜಾಗರಣೆಗೆ ಮತ್ತೆ ಹೋಗಬಹುದು.

ಬೆಂಗಳೂರಿಗೆ ಮರಳುವ ಬಸ್ಸನ್ನು ಜಾಗರಣೆಯ ಮಾರನೆಯ ಬೆಳಗ್ಗೆಗೆ ಕಾದಿರಿಸುವವರೇ ಹೆಚ್ಚು, ಅದೇ ಬಸ್ಸುಗಳು ತುಂಬಿ ತುಳುಕುವುದು. ಆ ಹಗಲು ಮಲಗಿ, ರಾತ್ರಿಯ ಬಸ್ಸೋ ಅದರ ಮಾರನೆಯ ದಿನದ್ದೋ ಹಿಡಿಯಿರಿ. ಏಳೆಂಟು ಗಂಟೆ ಕಾಲು ಇಳಿಬಿಟ್ಟು ಕೂತರೆ ನಡೆದ ಪಾದ ಇನ್ನಷ್ಟು ಊದುತ್ತದೆ, ಶೂಗೆ ಹಿಡಿಸುವುದಿಲ್ಲ. ಅಗಲವಾದ ಹವಾಯಿ ಚಪ್ಪಲಿ ಒಂದೊಂದು ಜೊತೆ ಚೀಲದಲ್ಲಿರಲಿ, ಎರಡು ಗಂಟೆಗೊಮ್ಮೆ ಬಸ್ಸು ನಿಂತಾಗ ಇಳಿದು ನಾಲ್ಕು ಹೆಜ್ಜೆ ಓಡಾಡಿ.